ನೀಸ್ ದಾಟಿದ ಮೇಲೆ

ಫಲಕ್‌ಳ ಮಧುಚಂದ್ರ ಹತ್ತಿರ ಹತ್ತಿರ ಎರಡು ವರ್ಷ ನಡೆಯಿತು. ಅದರಲ್ಲಿ ಒಂದು ರಾತ್ರಿಯೂ ಇರಲಿಲ್ಲ. ಇದ್ದದ್ದು ಶನಿವಾರದ ಹಗಲುಗಳು, ಬೂದುಬಣ್ಣದ ಒಂದು ಕಾರು, ಹೋಗುವಾಗ ಬಲಗಿಟಕಿಗೂ ಬರುವಾಗ ಎಡಗಿಟಕಿಗೂ ಬಂದು ನಿಲ್ಲುವ ಸಮುದ್ರ. ದಾರಿ ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೊ ಕಡೆಗೆ ಇಳಿಯುವುದು. ಆದರೆ ಆ ಕಾರಿನಲ್ಲಿ ಕೂತ ಇಬ್ಬರನ್ನು ತಡೆದು ಕೇಳಿದ್ದರೆ, ತಾವು ಫ್ರಾನ್ಸಿನ ದಕ್ಷಿಣ ತೀರದಲ್ಲಿದ್ದೇವೆ ಎಂದೇ ಅವರು ಹೇಳುತ್ತಿದ್ದರು.

ಫಲಕ್ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಜಾಫರ್ ಸಾಹೇಬರ ಮಗಳು. ಓದಲೆಂದು ಅಮೆರಿಕಕ್ಕೆ ಬಂದವಳು ಲಾಸ್ ಏಂಜಲೀಸ್‌ನ ಸ್ಯಾನ್ ಪೀಡ್ರೊ ಬಂದರಿನ ಒಂದು ಸಣ್ಣ ಸರಕು ಸಾಗಣೆ ಕಚೇರಿಯಲ್ಲಿ ಕೆಲಸಕ್ಕೆ ನಿಂತಳು. ಅವಳ ಮೇಜಿನ ಮೇಲೆ ಹಾದುಹೋಗುವುದು ಕಂಟೇನರ್‌ಗಳ ಕಾಗದಪತ್ರ. ಸರಕು ಹಡಗಿನಿಂದ ಇಳಿದಿರುತ್ತದೆ, ಸುಂಕ ತೀರಿರುತ್ತದೆ, ಒಯ್ಯಲು ಲಾರಿ ಬಂದು ನಿಂತಿರುತ್ತದೆ. ಆದರೂ ಬಿಟ್ಟುಕೊಡುವ ಹಕ್ಕು ಯಾರದೋ ಅವರು ಬಿಟ್ಟೆವು ಎನ್ನುವವರೆಗೆ ಪೆಟ್ಟಿಗೆ ಗೇಟು ದಾಟುವಂತಿಲ್ಲ. ಅವಸರದಲ್ಲಿ ಕೂಗಾಡುವವರನ್ನು ಸಮಾಧಾನದಿಂದ ಕಾಯಿಸುವುದೇ ಅವಳ ಕೆಲಸ. ಕಾಯಿಸುವವರಿಗೆ ಕಾಯುವುದೂ ಬರುತ್ತದೆ ಎಂಬುದು ಅವಳ ವಿಷಯದಲ್ಲಿ ನಿಜವಾಯಿತು.

ಅಯ್ಮಾನ್ ಬೆಂಗಳೂರಿನವನು. ಸ್ಯಾನ್ ಡಿಯಾಗೊದ ಮೀರಾ ಮೆಸಾದಲ್ಲಿ ಚಿಪ್ ವಿನ್ಯಾಸದ ಎಂಜಿನಿಯರ್. ನಿಕಾಹ್ ಮೈಸೂರಿನಲ್ಲಿ ೨೦೨೦ರ ಏಪ್ರಿಲ್‌ನಲ್ಲಿ ಆಗುವುದಿತ್ತು. ಅದಾದ ಮೇಲೆ ಫ್ರಾನ್ಸಿನ ಬಂದರು ನಗರ ಮಾರ್ಸೇಯಲ್ಲಿ ಇಳಿದು, ಪುಟ್ಟ ಕಾರೊಂದನ್ನು ಬಾಡಿಗೆಗೆ ಹಿಡಿದು, ಕಸ್ಸಿ, ಆರ್ಲ್, ಕಮಾರ್ಗ್, ವಾಲನ್ಸೋಲ್ ಸುತ್ತಿ ನೀಸ್‌ನಲ್ಲಿ ಪಯಣ ಮುಗಿಸುವುದೆಂದು ಅವನು ಗೊತ್ತುಮಾಡಿದ್ದ. ಲಾಕ್‌ಡೌನ್ ಬಂತು. ವಿಮಾನಗಳು ನಿಂತವು. ನಿಕಾಹ್ ಸೆಪ್ಟೆಂಬರ್‌ನಲ್ಲಿ ಮೂರು ಪರದೆಗಳ ಮೇಲೆ ನಡೆಯಿತು: ಕಾಜಿ, ಸಾಕ್ಷಿಗಳು, ತಂದೆತಾಯಿ ಮೈಸೂರಿನಲ್ಲಿ, ವರ ಮೀರಾ ಮೆಸಾದಲ್ಲಿ, ವಧು ಸ್ಯಾನ್ ಪೀಡ್ರೊದಲ್ಲಿ, ತಾನು ಬಾಡಿಗೆಗಿದ್ದ ಮನೆಯ ಊಟದ ಮೇಜಿನ ಮುಂದೆ.

ಅಂದೇ ಅವಳ ತಾಯಿ ತಾಜ್ ಬೇಗಂ ಮಗಳಿಂದ ಒಂದು ಮಾತು ತೆಗೆದುಕೊಂಡರು. ನಿಕಾಹ್ ಆಯಿತು, ಹೆಣ್ಣನ್ನು ಕಳಿಸಿಕೊಡುವ ರುಖ್ಸತಿ ಆಗಿಲ್ಲ. ತವರಿನವರು ತಲೆಯ ಮೇಲೆ ಕುರ್‌ಆನ್ ಹಿಡಿದು, ಕೈಹಿಡಿದು ಹೊಸಿಲು ದಾಟಿಸಿ ಕಳಿಸಿಕೊಡುವವರೆಗೆ ಹೆಣ್ಣು ಗಂಡನ ಮನೆಯ ಬಾಗಿಲು ತುಳಿಯಬಾರದು. ವೀಸಾ ಸಿಕ್ಕಿದ ಕೂಡಲೇ ತಾವು ಬರುತ್ತೇವೆ, ತಾವೇ ಕಳಿಸುತ್ತೇವೆ. ಅಲ್ಲಿಯವರೆಗೆ ಇಬ್ಬರೂ ಒಂದು ಸೂರಿನಡಿ ಇರಕೂಡದು.

ಶಾಸ್ತ್ರಕ್ಕಾಗಿ ಶಾಸ್ತ್ರ ಹಿಡಿದು ಕೂರುವ ಹೆಂಗಸಲ್ಲ ತಾಜ್ ಬೇಗಂ. ಅವರ ಮದುವೆಯ ಹೊತ್ತಿಗೆ ತಂದೆ ತೀರಿಹೋಗಿದ್ದರು. ಅಣ್ಣಂದಿರು ಮಾತು ಬಿಟ್ಟಿದ್ದರು. ನಿಕಾಹ್ ಮುಗಿದ ಮೇಲೆ ಜಟಕಾ ಬಂದಿದೆ ಎಂದು ಯಾರೋ ಹೊರಗಿನಿಂದ ಕೂಗಿದರು. ಕಳಿಸಿಕೊಡುವವರು ಯಾರೂ ಮುಂದೆ ಬರಲಿಲ್ಲ. ತಾಜ್ ತಮ್ಮ ಟ್ರಂಕನ್ನು ತಾವೇ ಎತ್ತಿಕೊಂಡು ಜಟಕಾ ಹತ್ತಿದರು. ಅಂದಿನಿಂದ ಅತ್ತೆ ಸಾಯುವವರೆಗೂ, ಸಾರಿಗೆ ಉಪ್ಪು ಹೆಚ್ಚಾದರೂ ಬಾಗಿಲು ಜೋರಾಗಿ ಹಾಕಿಕೊಂಡರೂ ಒಂದೇ ಮಾತು: "ನಿನ್ನನ್ನ ಯಾರಮ್ಮಾ ಕಳಿಸಿದ್ರು? ನೀನಾಗೇ ಬಂದೆ." ಆ ಮಾತು ತಮ್ಮ ಮಗಳ ಬೆನ್ನು ಹತ್ತಬಾರದು, ಇಷ್ಟೇ ತಾಜ್ ಬೇಗಂರ ಹಟ. ಫಲಕ್‌ಗೆ ಅತ್ತೆಯೇ ಇರಲಿಲ್ಲ. ಅಯ್ಮಾನ್‌ನ ತಾಯಿ ಅವನ ಬಾಲ್ಯದಲ್ಲೇ ತೀರಿಕೊಂಡಿದ್ದರು. ಆದರೂ ಅವಳು ಮರುಮಾತಾಡದೆ ಒಪ್ಪಿದಳು. ಅಮ್ಮಿ ಬೇರೆ ಏನನ್ನೂ ಅಷ್ಟು ಮೆಲ್ಲಗೆ ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

ಅವರು ಬರುವ ದಿನ ಮಾತ್ರ ದೂರ ದೂರ ಸರಿಯಿತು. ವೀಸಾ ಸಂದರ್ಶನಕ್ಕೆ ಸಿಕ್ಕ ದಿನಾಂಕ ಹೋಗಿ, ಸಿಕ್ಕೀತು ಎಂಬ ದಿನಾಂಕವಾಯಿತು. ಫಲಕ್ ಊರಿಗೆ ಹೋಗೋಣವೆಂದರೆ ಅವಳ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ತೀರಿತ್ತು. ದೇಶ ಬಿಟ್ಟರೆ ಮತ್ತೆ ಒಳಗೆ ಬರುವುದು ಎಂದೋ ಯಾರಿಗೂ ಗೊತ್ತಿರಲಿಲ್ಲ.

ಹೀಗಾಗಿ ಉಳಿದದ್ದು ಕಾರು. ಹೋಟೆಲುಗಳು ಮುಚ್ಚಿದ್ದವು, ಮನೆ ನಿಷಿದ್ಧವಾಗಿತ್ತು. ಕಾರಿಗೂ ಸೂರು ಇದೆಯಲ್ಲ ಎಂದು ಅಯ್ಮಾನ್ ಮೊದಲ ಶನಿವಾರವೇ ಕೆಣಕಿದ. ಓಡುವ ಸೂರು ಸೂರಲ್ಲ ಎಂದು ಫಲಕ್ ತೀರ್ಪು ಕೊಟ್ಟಳು. ಅವನು ಬೆಳಿಗ್ಗೆ ಮೀರಾ ಮೆಸಾದಿಂದ ಬಂದು ಅವಳನ್ನು ಕೂರಿಸಿಕೊಂಡು ಮತ್ತೆ ದಕ್ಷಿಣಕ್ಕೆ ಇಳಿಯುವನು. ಡೆಲ್ ಮಾರ್‌ನ ತಿರುವಿನಲ್ಲಿ ಕಾರು ತಿರುಗಿಸಿ, ಸಂಜೆಯ ಮಗ್ರಿಬ್ ನಮಾಜಿಗೆ ಮುಂಚೆ ಅವಳನ್ನು ಸ್ಯಾನ್ ಪೀಡ್ರೊದಲ್ಲಿ ಇಳಿಸಿ, ತಾನೊಬ್ಬನೇ ಬಂದ ದಾರಿಯಲ್ಲಿ ಹಿಂದಿರುಗುವನು. ಡೆಲ್ ಮಾರ್‌ನಿಂದ ಅವನ ಮನೆ ಕಾಲು ಗಂಟೆಯ ದಾರಿ. ಫಲಕ್ ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಊರುಗಳ ಹೆಸರನ್ನು ಮೊದಲು ಬದಲಾಯಿಸಿದ್ದು ಯಾರು ಎಂಬುದರಲ್ಲಿ ಇಬ್ಬರಿಗೂ ಇಂದಿಗೂ ಒಮ್ಮತವಿಲ್ಲ. ಹಸಿರು ತೂಗುಸೇತುವೆಯ ಮೇಲಿಂದ ಕ್ರೇನುಗಳ ಕಾಡು ಕಂಡಾಗ ಇದೇ ಮಾರ್ಸೇ ಎಂದದ್ದು ಅವನಿರಬೇಕು. ಎರಡೂ ಬಂದರೇ ತಾನೆ. ಬಂಡೆಗಳ ಕಾಲಬುಡದಲ್ಲಿ ನೀರು ಹಸಿರಾಗುವ ಲಗೂನಾ ಬೀಚ್ ಕಸ್ಸಿ ಆಯಿತು. ಹಳೆಯ ಕಲ್ಲುಕಮಾನುಗಳ ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊ, ಆರ್ಲ್. ಅದರಾಚೆ ಸೈನ್ಯದ ವಶದಲ್ಲಿರುವ ಉದ್ದನೆಯ ಬಟಾಬಯಲು ಕಮಾರ್ಗ್. ಅಲ್ಲಿ ಏಳಬೇಕಾದ ಗುಲಾಬಿ ರಾಜಹಂಸಗಳ ಬದಲು ಹೆಲಿಕಾಪ್ಟರ್‌ಗಳು ಏಳುತ್ತಿದ್ದವು. ವಸಂತದಲ್ಲಿ ಗುಡ್ಡದ ಮೈಗೆ ಬಣ್ಣದ ಪಟ್ಟೆ ಹಾಸುವ ಕಾರ್ಲ್ಸ್‌ಬಾದ್‌ನ ಹೂದೋಟ, ಲ್ಯಾವೆಂಡರ್ ಬೆಳೆಯುವ ವಾಲನ್ಸೋಲ್. ಕೊನೆಗೆ ಡೆಲ್ ಮಾರ್, ನೀಸ್. ಫ್ರಾನ್ಸಿನ ಭೂಗೋಳ ಇದರಿಂದ ಕೊಂಚ ಹಿಂದುಮುಂದಾಯಿತು. ಆದರೆ ನಿಜವಾದದ್ದನ್ನು ಇಬ್ಬರೂ ಕಂಡಿರಲಿಲ್ಲವಾಗಿ ತಕರಾರು ಮಾಡುವವರು ಯಾರೂ ಇರಲಿಲ್ಲ.

ಸಮುದ್ರದ ಮೇಲಿನ ಮಂಜು ದಂಡೆಗೆ ಬಂದು ರಸ್ತೆಯನ್ನು ಅರ್ಧ ನುಂಗಿದ ಬೆಳಗುಗಳಲ್ಲಿ ಆ ಹೆಸರುಗಳು ಹೆಚ್ಚು ನಿಜವಾಗುತ್ತಿದ್ದವು. ಫಲಕ್ ಕಣ್ಣು ಅರೆಮುಚ್ಚಿ, ಈಗ ಎಡಕ್ಕೆ ಒಂದು ಮುದುಕಿ ಚೀಸು ಮಾರುತ್ತ ಕೂತಿದ್ದಾಳೆ, ಈಗ ರೋಮನರ ರಂಗಮಂದಿರದ ನೆರಳು ಬಂತು, ಎಂದು ಹೇಳುತ್ತ ಹೋಗುವಳು. ಅಯ್ಮಾನ್ ಆ ಮುದುಕಿಗಾಗಿ ವೇಗ ತಗ್ಗಿಸುವನು. ಮನೆಮಾತು ಇಬ್ಬರದೂ ಉರ್ದು; ಆದರೆ ಸಲಿಗೆಗೂ ಜಗಳಕ್ಕೂ ಒದಗುತ್ತಿದ್ದುದು ಶಾಲೆಯಲ್ಲಿ ಕಲಿತ ಕನ್ನಡ. ಹಾಗಾಗಿ ಅವರ ಫ್ರಾನ್ಸಿನ ತುಂಬ ಕನ್ನಡವೇ ಇತ್ತು. ೨೦೨೧ರ ಶರತ್ಕಾಲದಲ್ಲಿ ದಿಗಂತದುದ್ದಕ್ಕೂ ಹಡಗುಗಳು ಲಂಗರು ಹಾಕಿ ಬಂದರಿನ ಸರದಿಗೆ ಕಾಯುತ್ತ ನಿಂತಾಗ, ಒಟ್ಟಿಗೆ ಕಾಯಲು ಸಂಗಾತಿಗಳು ಬಂದರು ಎಂದು ಫಲಕ್‌ಗೆ ಅನ್ನಿಸಿತು.

ಈ ಪ್ರಯಾಣಕ್ಕೆ ಬುತ್ತಿ ಕಟ್ಟುತ್ತಿದ್ದವರು ಮನೆಯೊಡತಿ ವಾರಿಜಾ ಆಂಟಿ. ಉಡುಪಿಯ ಕಡೆಯವರು. ಗಂಡ ಉಮಾನಾಥ ಬಂದರಿನ ಉಗ್ರಾಣಗಳಲ್ಲಿ ದುಡಿದು ನಿವೃತ್ತರಾದವರು. ತಮ್ಮ ಕೈಗೆ ಒಪ್ಪಿಸಿದ ವಸ್ತುವನ್ನು ಒಪ್ಪಿಸಿದವರೇ ಹೇಳುವವರೆಗೆ ಕೆಳಗಿಡದ ಜಾತಿಯ ಮನುಷ್ಯ. ಮಹಡಿಯ ಕೋಣೆಯ ಹುಡುಗಿ ಮದುವೆಯಾಗಿಯೂ ತಮ್ಮಲ್ಲೇ ಉಳಿದದ್ದು ವಾರಿಜಾ ಅವರಿಗೆ ಒಳಗೊಳಗೇ ಹಿತವೂ ಹೊರಗೆ ಹಾಸ್ಯಕ್ಕೆ ವಸ್ತುವೂ ಆಗಿತ್ತು. "ಎಂತ ಮಾರಾಯ್ತಿ ನಿನ್ನ ಹನಿಮೂನ್," ಎಂದು ಅವರು ಗೋಳಿಬಜೆಯ ಡಬ್ಬಿಯ ಮುಚ್ಚಳ ಒತ್ತುತ್ತ ಹೇಳುವರು. "ಹೋಗುವಾಗ ಹೆಂಡತಿ, ಬರುವಾಗ ಪೇಯಿಂಗ್ ಗೆಸ್ಟ್."

ಹೀಗೇ ಸಾಗುತ್ತಿದ್ದದ್ದು ೨೦೨೨ರ ಫೆಬ್ರವರಿಯಲ್ಲಿ ಮುರಿಯಿತು. ಅಯ್ಮಾನ್ ಅಪಾರ್ಟ್‌ಮೆಂಟ್ ಬಿಟ್ಟು ಒಂದು ಪುಟ್ಟ ಮನೆಯನ್ನು ಬಾಡಿಗೆಗೆ ಹಿಡಿದಿದ್ದ. ಹಿತ್ತಲಲ್ಲಿ ನಿಂಬೆಗಿಡವಿದೆ ಎಂದು ವಾರವಿಡೀ ಹೇಳಿದ್ದ. ಶನಿವಾರ ಡೆಲ್ ಮಾರ್‌ನ ತಿರುವು ಬಂತು. ಕಾರು ತಿರುಗಲಿಲ್ಲ. ಮುಂದಿನ ಕೈಮರ ಎದುರಿಗೆ ಬಂದಾಗ ಫಲಕ್‌ಗೆ ಅರ್ಥವಾಯಿತು.

"ಅಯ್ಮಾನ್, ತಿರುವು ಹಿಂದೆ ಹೋಯ್ತು."

"ಗೊತ್ತು. ಇವತ್ತು ತಿರುಗಿಸೋದು ಬೇಡ."

ಅವಳು ಅಮ್ಮಿಯ ಹೆಸರೆತ್ತಿದಳು. ಅವನು ದನಿಯೇರಿಸಲಿಲ್ಲ, ಅದೇ ಅವಳನ್ನು ಹೆಚ್ಚು ಕುಗ್ಗಿಸಿತು. "ನಿಕಾಹ್ ಆಗಿದೆ ಫಲಕ್. ನಾನು ನಿನ್ನ ಗಂಡ. ಒಂದೂವರೆ ವರ್ಷ ಆಗ್ತಾ ಬಂತು, ನಿನ್ನನ್ನ ಸಂಜೆಗೆ ಮುಂಚೆ ಹಾಸ್ಟೆಲಿಗೆ ಬಿಡೋ ಹಾಗೆ ಬಿಡ್ತಾ ಇದೀನಿ. ನಿಮ್ಮ ಕಂಟೇನರ್‌ಗಳಿಗಾದರೂ ಒಂದು ದಿನ ಗೇಟು ತೆಗೀತಾರೆ."

ಅಲ್ಲಿಂದ ಮನೆ ಕಾರಿನಲ್ಲಿ ಹತ್ತೇ ನಿಮಿಷದ ದಾರಿ. ಆ ಕ್ಷಣದಲ್ಲಿ ಅವಳಿಗೂ ಹೋಗಬೇಕೆನಿಸಿತು, ನಿಂಬೆಗಿಡ ನೋಡಬೇಕೆನಿಸಿತು. ಆದರೆ ಕಣ್ಣ ಮುಂದೆ ಒಂದು ಟ್ರಂಕು ಬಂತು, ಅದನ್ನು ಎತ್ತಿಕೊಂಡು ಜಟಕಾದ ಮೆಟ್ಟಿಲು ಹುಡುಕುವ ಒಂದು ಎಳೆಯ ಪಾದ ಬಂತು. "ನಾನಾಗೇ ಬಂದೆ ಅಂತ ಆಗಬಾರದು," ಎಂದಳು. "ನೀನು ಅನ್ನಲ್ಲ, ಗೊತ್ತು. ನನಗೆ ನಾನೇ ಅಂದ್ಕೊಳ್ತೀನಿ." ಅಯ್ಮಾನ್ ಮುಂದಿನ ತಿರುವಿನಲ್ಲಿ ಕಾರು ಹೊರಳಿಸಿದ. ಉತ್ತರಕ್ಕೆ ಬರುವ ದಾರಿಯಲ್ಲಿ ಯಾವ ಊರಿಗೂ ಯಾರೂ ಹೆಸರು ಹೇಳಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಅವನು ಬರಲಿಲ್ಲ. ಫೋನು ಬರುತ್ತಿತ್ತು, ಅದರಲ್ಲಿ ಊಟವಿತ್ತು, ಆಫೀಸಿತ್ತು, ಊರುಗಳಿರಲಿಲ್ಲ. ರಂಜಾನ್ ಬಂತು. ಮೊದಲ ಶನಿವಾರವೇ ಫಲಕ್ ಕಿಟಕಿಯ ಬಳಿ ಕೂತು ಹಡಗು ನೋಡುವುದನ್ನು ವಾರಿಜಾ ಕಂಡರು. ಎರಡನೆಯ ಶನಿವಾರವೂ ಕಂಡರು. ಮೂರನೆಯದಕ್ಕೆ ಕಾಯದೆ ಮೈಸೂರಿಗೆ ಫೋನು ಹಚ್ಚಿದರು.

ಇಬ್ಬರು ಹೆಂಗಸರಿಗೂ ಫೋನಿನಲ್ಲೇ ಆದ ಸ್ನೇಹವಿತ್ತು. ಒಬ್ಬರು ಬಿರಿಯಾನಿಯ ಹದ ಹೇಳಿಕೊಟ್ಟಿದ್ದರು, ಇನ್ನೊಬ್ಬರು ನೀರುದೋಸೆಯದು. ಅಂದು ವಾರಿಜಾ ಅಡುಗೆಯ ಮಾತಾಡಲಿಲ್ಲ. ನಿಮ್ಮ ವೀಸಾ ಯಾವಾಗ ಎಂದು ಕೇಳಿದರು. ಇನ್ನೂ ದಿನಾಂಕವೇ ಸಿಕ್ಕಿಲ್ಲವೆಂದು ತಿಳಿಯಿತು. ಜಟಕಾದ ಕಥೆಯನ್ನು ತಾಜ್ ಬೇಗಂ ಮತ್ತೊಮ್ಮೆ ಹೇಳಿದಾಗ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಹೆಣ್ಣನ್ನು ಕಳಿಸ್ಲಿಕ್ಕೆ ಎರಡು ಬೇಕು ತಾಜ್. ಒಂದು ಕೈ, ಒಂದು ಮನಸ್ಸು. ಕೈ ಇಲ್ಲಿ ಉಂಟು, ನಮ್ಮದು. ಮನಸ್ಸು ನೀವು ಕೊಡಬೇಕು."

ತಾಜ್ ಬೇಗಂ ಯೋಚಿಸುತ್ತೇನೆಂದು ಫೋನಿಟ್ಟರು. ತಮ್ಮ ಕೈಯಿಂದ ಆಗಬೇಕಾದ ಕೆಲಸವನ್ನು ಮತ್ತೊಬ್ಬರ ಕೈಗೆ ಕೊಡುವುದೆಂದರೆ ಅಷ್ಟು ವರ್ಷದ ಕನಸನ್ನೇ ಕೊಟ್ಟಂತೆ. ಆದರೆ ಆ ಉಪವಾಸದ ದಿನಗಳಲ್ಲಿ, ಜಾಫರ್ ಸಾಹೇಬರ ಮಾತಿನಂತೆ, ಅವರು ಬಾಗಿಲಿಗೆ ಹೋಗಿ ಬೀದಿ ನೋಡಿ ಒಳಗೆ ಬರುತ್ತಿದ್ದರಂತೆ. ಜಟಕಾ ಬಂದ ದಿನ ಯಾರಾದರೂ ಒಬ್ಬರು ಮುಂದೆ ಬಂದಿದ್ದರೆ ಸಾಕಿತ್ತು, ನೆರೆಮನೆಯವರಾದರೂ ಸಾಕಿತ್ತು ಎಂದು ಒಮ್ಮೆ ತಮ್ಮಷ್ಟಕ್ಕೆ ಅಂದರಂತೆ. ಈದ್‌ನ ದಿನ ಮಗಳಿಗೆ ಫೋನು ಮಾಡಿ ಮುಬಾರಕ್ ಹೇಳಿದ ಮೇಲೆ, "ಈ ಶನಿವಾರ ಅಯ್ಮಾನ್‌ನ ಬರೋಕೆ ಹೇಳು," ಎಂದರು. "ನಿನ್ನಷ್ಟಕ್ಕೆ ನೀನು ಹೊಸಿಲು ದಾಟಬಾರದು. ವಾರಿಜಾ ಅವರು ಕೈ ಹಿಡಿದು ದಾಟಿಸಬೇಕು. ಅವರ ಯಜಮಾನರು ಕುರ್‌ಆನ್ ಹಿಡೀಬೇಕು. ನಾನು ನೋಡ್ತಾ ಇರ್ತೀನಿ."

ಉಮಾನಾಥ ಇದನ್ನು ಕೇಳಿ ಊಟ ಬಿಟ್ಟು ಎದ್ದರು. ಹೆಂಡತಿ ಶುರುಮಾಡಿದ ವ್ಯವಹಾರದಲ್ಲಿ ತಮ್ಮ ಪಾಲು ಇಷ್ಟು ದೊಡ್ಡದೆಂದು ಅವರು ಎಣಿಸಿರಲಿಲ್ಲ. ತಾವು ಹಿಡಿಯಬಹುದೇ ಎಂದು ಮೈಸೂರಿಗೆ ಖುದ್ದು ಫೋನು ಮಾಡಿ ವಿಚಾರಿಸಿದರು. ಕೈ ತೊಳೆದುಕೊಂಡು, ಬಟ್ಟೆಯಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಹಿಡಿಯಿರಿ ಅಣ್ಣ, ಎಂದು ತಾಜ್ ಬೇಗಂ ಹೇಳಿಕೊಟ್ಟರು. ಆ ವಾರವೆಲ್ಲ ಅವರು ಒಂದು ದಪ್ಪ ಪಂಚಾಂಗವನ್ನು ಟವಲಿನಲ್ಲಿ ಸುತ್ತಿ ಅಭ್ಯಾಸ ಮಾಡಿದರೆಂದು ವಾರಿಜಾ ಊರಿಗೆಲ್ಲ ಹೇಳಿ ನಕ್ಕರು.

ಶನಿವಾರ ಬೆಳಿಗ್ಗೆ ಫಲಕ್ ಅಮ್ಮಿ ಎಂದೋ ಕಳಿಸಿದ್ದ ಕೆಂಪು ದುಪಟ್ಟಾ ಹೊದ್ದು ಮೆಟ್ಟಿಲಿಳಿದು ಬಂದಳು. ವಾರಿಜಾ ತಮ್ಮ ಕುಂಡದ ಮಲ್ಲಿಗೆಯನ್ನು ಉಡುಪಿಯ ಕಟ್ಟಿನಲ್ಲಿ ಒತ್ತಾಗಿ ಕಟ್ಟಿ ಮುಡಿಸಿದರು. ತವರಿನಿಂದ ಹೋಗುವ ಹೆಣ್ಣಿನ ಮಡಿಲು ಖಾಲಿ ಇರಬಾರದೆಂದು ತೆಂಗಿನಕಾಯಿಯನ್ನೂ ಅಕ್ಕಿಯನ್ನೂ ತುಂಬಿದರು. ಪರದೆಯಲ್ಲಿ ತಾಜ್ ಬೇಗಂ, ಹಿಂದೆ ಜಾಫರ್ ಸಾಹೇಬರು. ಹುಡುಗಿ ಎತ್ತರದವಳು, ಉಮಾನಾಥ ಗಿಡ್ಡ ಆಳು. ಅಡುಗೆಮನೆಯ ಮಣೆ ತಂದು ಬಾಗಿಲ ಬಳಿ ಇಟ್ಟು ಅದರ ಮೇಲೆ ನಿಂತು, ಹಸಿರು ಬಟ್ಟೆಯಲ್ಲಿ ಸುತ್ತಿದ ಗ್ರಂಥವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ವಾರಿಜಾ ಕೈ ಹಿಡಿದರು. ಫಲಕ್ ಅದರಡಿಯಲ್ಲಿ ತಲೆಬಾಗಿಸಿ ಹೊಸಿಲು ದಾಟಿದಳು. ಇನ್ನು ಕೈ ಇಳಿಸಬಹುದೇ ಎಂದು ಉಮಾನಾಥ ಪರದೆಯತ್ತ ತಿರುಗಿ ಕೇಳಿದರು. ಅಲ್ಲಿಂದ ಉತ್ತರ ಬರಲಿಲ್ಲ. ತಾಜ್ ಬೇಗಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಮದುಮಗಳು ಒಂಟಿಯಾಗಿ ಹೋಗಬಾರದೆಂದು ಹಿರಿಯರಿಬ್ಬರೂ ಅಯ್ಮಾನ್ ತಂದಿದ್ದ ಅದೇ ಬೂದುಬಣ್ಣದ ಕಾರು ಹತ್ತಿದರು. ಹಿಂದಿನ ಸೀಟಿನಲ್ಲಿ ಹೆಂಗಸರು, ಮುಂದೆ ಅಯ್ಮಾನ್‌ನ ಪಕ್ಕ ಉಮಾನಾಥ. ತೂಗುಸೇತುವೆ ಬಂತು. ವಾರಗಟ್ಟಲೆ ಆ ಊರುಗಳ ಹೆಸರೆತ್ತದಿದ್ದ ಅಯ್ಮಾನ್ ಕನ್ನಡಿಯಲ್ಲಿ ಹೆಂಡತಿಯ ಕಣ್ಣು ಹುಡುಕಿ, ಮೆಲ್ಲಗೆ "ಮಾರ್ಸೇ ಬಿಟ್ವಿ," ಎಂದ. ಫಲಕ್ ದುಪಟ್ಟಾದೊಳಗೆ ನಕ್ಕಳು. ಲಗೂನಾದಲ್ಲಿ ಅವನು ಕಸ್ಸಿ ಎಂದಾಗ ಉಮಾನಾಥ ತಿದ್ದಿದರು: ಇದು ಲಗೂನಾ ಬೀಚ್ ಮಾರಾಯಾ, ನಾನು ಈ ಊರಿಗೆ ಬರಲಿಕ್ಕೆ ಶುರುಮಾಡಿದಾಗ ನೀನು ಹುಟ್ಟಿರಲಿಲ್ಲ. ಅಯ್ಮಾನ್ ಎಲ್ಲವನ್ನೂ ಬಿಚ್ಚಿ ಹೇಳಬೇಕಾಯಿತು. ಸೈನ್ಯದ ಬಯಲಿನಲ್ಲಿ ಹೆಲಿಕಾಪ್ಟರೊಂದು ಎದ್ದಾಗ, "ಹಾಗಾದರೆ ಇದು ಎಂತ ಹಕ್ಕಿ?" ಎಂದು ಉಮಾನಾಥ ಗಂಭೀರವಾಗಿ ಕೇಳಿದರು.

ಫಲಕ್, ಅಯ್ಮಾನ್ ಇಬ್ಬರೂ ಮುಂದೊಮ್ಮೆ ನಿಜವಾದ ಫ್ರಾನ್ಸಿಗೂ ಹೋದರು; ಆ ಮಾತನ್ನು ಇಲ್ಲಿ, ಈ ಬಯಲು ಕಳೆಯುವುದರೊಳಗೆ ಹೇಳಿಬಿಡಬೇಕು. ಹೊಸ ವೀಸಾ ಮುದ್ರೆ ಬಿದ್ದ ಮೇಲೆ, ೨೦೨೪ರ ಜೂನ್‌ನಲ್ಲಿ, ಮೈಸೂರಿಗೆ ಹೋಗಿ ಹಿಂದಿರುಗುವ ದಾರಿಯಲ್ಲಿ ಮಾರ್ಸೇಯಲ್ಲಿ ಇಳಿದರು. ಬಾಡಿಗೆಯ ಪುಟ್ಟ ಕಾರಿಗೆ ಕೈಯಿಂದ ಹಾಕುವ ಗೇರು. ಕ್ಲಚ್ಚೇ ಕಾಣದ ಕಾಲು ಅಯ್ಮಾನ್‌ನದು. ಪ್ರತಿ ವೃತ್ತದಲ್ಲೂ ಕಾರು ಕೆಮ್ಮಿ ನಿಲ್ಲುತ್ತಿತ್ತು, ಹಿಂದಿನವರು ಹಾರನ್ ಹೊಡೆಯುತ್ತಿದ್ದರು. ಆರ್ಲ್‌ನ ಕಲ್ಲುಕಮಾನುಗಳ ಕೆಳಗೆ ಫಲಕ್, "ಸ್ಯಾನ್ ವಾನ್ ಥರಾನೇ ಇದೆ," ಎಂದಳು. ಕಮಾರ್ಗ್‌ನಲ್ಲಿ ರಾಜಹಂಸಗಳ ಹಿಂಡು ನಿಜವಾಗಿಯೂ ಎದ್ದು ಆಕಾಶವೇ ಗುಲಾಬಿಯಾದಾಗ ಅವಳ ಕಿವಿ ಹೆಲಿಕಾಪ್ಟರಿನ ಸದ್ದಿಗೆ ಕಾಯಿತು. ವಾಲನ್ಸೋಲ್‌ನ ಲ್ಯಾವೆಂಡರ್ ನೇರಳೆ ಗೆರೆಗಳಾಗಿ ಬೆಟ್ಟದವರೆಗೂ ಓಡುತ್ತಿತ್ತು. ಕಿಟಕಿ ಇಳಿಸಿದರೆ ಜೇನುನೊಣಗಳ ಗುಂಯ್ ಎನ್ನುವ ಒಂದೇ ನಾದ. ಸೊಗಸಾಗಿತ್ತು. ಆದರೂ ಯಾರೋ ತಮ್ಮ ಕ್ಯಾಲಿಫೋರ್ನಿಯಾವನ್ನು ಕಂಡು ಬಂದು ಮಾಡಿದ ನಕಲಿನಂತೆ ಇಬ್ಬರಿಗೂ ಅನ್ನಿಸುತ್ತಿತ್ತು. ಮೊದಲು ಪ್ರೀತಿಸಿದ್ದೇ ಮೂಲ. ಉಳಿದದ್ದೆಲ್ಲ ಅದರ ಹೋಲಿಕೆ.

ಆ ಶನಿವಾರದ ಕಾರಿಗೆ ಈಗ ಬಯಲು ಮುಗಿಯಿತು. ಕಾರ್ಲ್ಸ್‌ಬಾದ್‌ನ ಗುಡ್ಡದಲ್ಲಿ ಆ ವರ್ಷದ ಕೊನೆಯ ಹೂಗಳು ಕೆಂಪು, ಹಳದಿ, ಬಿಳಿಯ ಪಟ್ಟೆಗಳಾಗಿ ಬಿಸಿಲು ಕಾಯುತ್ತಿದ್ದವು. ಲ್ಯಾವೆಂಡರ್ ಎಂದು ಉಮಾನಾಥರೇ ಘೋಷಿಸಿದರು. ಮಂಜು ಕರಗಿ ಸಮುದ್ರ ಬಲಗಿಟಕಿಗೆ ಬಂದು ನಿಂತಿತು. ಡೆಲ್ ಮಾರ್ ಸಮೀಪಿಸಿತು. ಎಷ್ಟೋ ಶನಿವಾರಗಳ ಅಭ್ಯಾಸದಿಂದ ಅಯ್ಮಾನ್‌ನ ಬೆರಳು ತಿರುವಿನ ದೀಪದ ಕಡ್ಡಿಗೆ ಹೋಯಿತು.

"ನೀಸ್ ಬಂತು," ಎಂದ. ಅದು ಪ್ರಶ್ನೆಯಂತಿತ್ತು.

ಫಲಕ್ ವಾರಿಜಾ ಅವರ ಕೈ ಬಿಡದೆಯೇ ಮುಂದೆ ಬಾಗಿದಳು. "ನೇರ ಹೋಗು," ಎಂದಳು. ಹಿರಿಯರಿದ್ದಾರೆಂಬುದು ನೆನಪಾಗಿ, "ಹೋಗಿ," ಎಂದು ತಿದ್ದಿಕೊಂಡಳು.

ಕಾರು ನೀಸ್ ದಾಟಿತು. ಅದರಾಚೆಯ ರಸ್ತೆಗಳಿಗೆ ಅವರಲ್ಲಿ ಹೆಸರಿರಲಿಲ್ಲ. ಇಂಡಿಯನ್ ಅಂಗಡಿ, ಫೋ ಸೂಪು ಮಾರುವ ವಿಯೆಟ್ನಾಮಿ ಹೋಟೆಲು, ಟೈರಿನ ಅಂಗಡಿ, ಶಾಲೆ, ಒಂದರ ಹಾಗೆ ಒಂದು ಮನೆಗಳ ಸಾಲು ತಮ್ಮ ತಮ್ಮ ಹೆಸರಿನಲ್ಲೇ ಸರಿದುಹೋದವು. ಫಲಕ್ ಒಂದನ್ನೂ ಬಿಡದೆ ನೋಡಿದಳು. ಕೊನೆಗೊಂದು ಮನೆಯ ಬೇಲಿಯಾಚೆ ನಿಂಬೆಗಿಡದ ತುದಿ ಕಂಡಿತು.

ಬರಮಾಡಿಕೊಳ್ಳಲು ಒಳಗೆ ಯಾರೂ ಇರಲಿಲ್ಲ. ವಾರಿಜಾ ಅಯ್ಮಾನ್‌ನ ಕೈಯಿಂದ ಬೀಗದ ಕೈ ಕಸಿದುಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು ಮುಂದೆ ಓಡಿ, ಒಳಗಿನಿಂದ ಬಾಗಿಲು ತೆರೆದು ಗಂಡಿನ ಕಡೆಯವರಂತೆ ನಿಂತರು. ಕಳಿಸುವವರೂ ನಾವೇ, ಕರೆಯುವವರೂ ನಾವೇ, ಇಂಥ ಅಗ್ಗದ ಮದುವೆ ಉಡುಪಿಯಲ್ಲೂ ಸಿಕ್ಕದು ಎಂದು ಏದುಸಿರಿನಲ್ಲೇ ಹೇಳಿದರು. ಫಲಕ್ ಒಳಗೆ ಬಂದಳು. ಮೈಸೂರಿನಲ್ಲಿ ಹೊತ್ತು ಸರಿರಾತ್ರಿ ದಾಟಿತ್ತು. ಆದರೂ ಮೊದಲ ಗಂಟೆಗೇ ತಾಜ್ ಬೇಗಂ ಫೋನೆತ್ತಿಕೊಂಡರು.

"ತಲುಪಿದೆ ಅಮ್ಮಿ."

ಪರದೆಯಲ್ಲಿ ಅವರು ಮಗಳನ್ನು ನೋಡಲಿಲ್ಲ. ಮಗಳ ಹಿಂದೆ ನೋಡುತ್ತಿದ್ದರು. ಫಲಕ್ ತಿರುಗಿದಳು. ಕಾರಿನ ತೆರೆದ ಬಾಗಿಲ ಬಳಿ ಉಮಾನಾಥ ನಿಂತಿದ್ದರು. ಹಸಿರು ಬಟ್ಟೆಯ ಗಂಟು ಇನ್ನೂ ಅವರ ಎರಡೂ ಕೈಗಳಲ್ಲಿ ಎದೆಯೆತ್ತರಕ್ಕಿತ್ತು. ಸೀಟು ಬೆಲ್ಟನ್ನು ಅಯ್ಮಾನ್ ಹಾಕಿದ್ದ, ಅಯ್ಮಾನ್ ಬಿಚ್ಚಿದ್ದ; ದಾರಿಯಲ್ಲಿ ನೀರು ಕುಡಿಸಿದ್ದು ಹಿಂದಿನಿಂದ ವಾರಿಜಾ. ಇಡೀ ಫ್ರಾನ್ಸನ್ನು ಅವರು ಹಾಗೇ ದಾಟಿ ಬಂದಿದ್ದರು.

ತಾಜ್ ಬೇಗಂರ ದನಿ ಆ ಖಾಲಿ ಮನೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಅಣ್ಣಾ, ಈಗ ಇಳಿಸಬಹುದು."